ಎರಡನೆಯ ಕೇಬಲ್

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಒಂದು ಸಣ್ಣ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಕೆಲಸ ಎರಡು ವರ್ಷ ನನ್ನದಾಗಿತ್ತು. ಹುಣಸೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ಸರ್ವರಿಗೆ ಎರಡು ಕೇಬಲ್ ಎಳೆದವನು ನಾನೇ, ಒಂದೊಂದೂ ಒಂದೊಂದು ಸ್ವಿಚ್ಚಿಗೆ, ಅಂದರೆ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗೆ. ಮೊದಲನೆಯದು ಸತ್ತರೆ ಎರಡನೆಯದು ತಾನಾಗಿಯೇ ಕೆಲಸ ಹಿಡಿಯಬೇಕು, ಯಾರಿಗೂ ಗೊತ್ತೇ ಆಗಬಾರದು. ಹಾಗಂತ ಅಲ್ಲಿನ ಆಡಳಿತಾಧಿಕಾರಿಯ ಮುಂದೆ ಮೀಸೆ ತಿರುವಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಮೊದಲನೆಯ ಸ್ವಿಚ್ ಸುಟ್ಟುಹೋಯಿತು. ಎರಡನೆಯ ಕೇಬಲ್ ಕೆಲಸ ಹಿಡಿಯಲಿಲ್ಲ. ನಾನು ತಲುಪುವ ಹೊತ್ತಿಗೆ ರಕ್ತಪರೀಕ್ಷೆಯ ವರದಿ ಯಾವುದೂ ಡಾಕ್ಟರ ಕಂಪ್ಯೂಟರಿಗೆ ಬರುತ್ತಿರಲಿಲ್ಲ. ಲ್ಯಾಬಿನ ಹೆಂಗಸು ಚೀಟಿಯಲ್ಲಿ ಬರೆದುಕೊಂಡು ಮಹಡಿ ಹತ್ತಿ ಇಳಿದು ಸುಸ್ತಾಗಿದ್ದರು.

ಆಡಳಿತಾಧಿಕಾರಿ ನನ್ನನ್ನು ಕೂರಿಸಲೂ ಇಲ್ಲ. "ಆ ಎರಡನೇ ಸ್ವಿಚ್ಚಿಗೆ ಕೈ ಹಾಕಿದ್ದು ನಮ್ಮ ಎಲೆಕ್ಟ್ರಿಷಿಯನ್ ಅಲ್ವೇನ್ರೀ? ಸಂಜೆಯೊಳಗೆ ಕಾರಣ ಬರ್ದು ಕೊಡಿ. ಅವನ ತಪ್ಪು ಅಂತಾದ್ರೆ ನಾಳೆಯಿಂದ ಅವನು ಬರೋದು ಬೇಡ" ಎಂದರು.

ಕೈ ಹಾಕಿದ್ದು ನಿಜ. ಆ ಸ್ವಿಚ್ ಬಂದ ದಿನ ನಾನು ಪಿರಿಯಾಪಟ್ಟಣದಲ್ಲಿ ಸಿಕ್ಕಿಕೊಂಡಿದ್ದೆ. ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ನಿಂತು ಏನೇನು ಒತ್ತಬೇಕೆಂದು ಫೋನಿನಲ್ಲಿ ಒಂದೊಂದಾಗಿ ಹೇಳಿದ್ದೆ, ಎಲೆಕ್ಟ್ರಿಷಿಯನ್ ಕಂಪ್ಯೂಟರ್ ಮುಂದೆ ಕೂತು ಒತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಆಸ್ಪತ್ರೆಯ ಜನರೇಟರಿನಿಂದ ಹಿಡಿದು ನಲ್ಲಿಯ ತನಕ ಎಲ್ಲವೂ ಅವರ ತಲೆಯ ಮೇಲೆ. ಈಗ ಸರ್ವರ್ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದರು. ನನಗೆ ಒಳಗೊಳಗೇ ಅವರ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕಣ್ಣಾರೆ ಕಾಣದೆ ಬರೆದುಕೊಡುವ ಜಾತಿ ನಾನಲ್ಲ. ಹಿಡಿದರೆ ಉಡದ ಹಿಡಿತ ಅಂತ ನಮ್ಮವ್ವ ಬೈಯುತ್ತಿದ್ದುದು ಇದಕ್ಕೇ.

ಸರ್ವರ್ ತಾನು ಸರಿಯಾಗಿದ್ದೇನೆ ಎನ್ನುತ್ತಿತ್ತು. ಮೊದಲನೆಯ ಕೇಬಲ್ ಹೋಯಿತು, ಎರಡನೆಯದಕ್ಕೆ ಬಂದೆ ಎಂದು ಗಂಟೆ ನಿಮಿಷದ ಸಮೇತ ಬರೆದಿಟ್ಟಿತ್ತು. ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಆಫೀಸಿನ ಕಂಪ್ಯೂಟರ್ ಕರೆದರೆ ಸರ್ವರ್ ಓಗೊಡುತ್ತಿತ್ತು, ಲ್ಯಾಬೋ ಔಷಧಿ ಕೌಂಟರೋ ಕರೆದರೆ ಮೌನ. ಕೇಬಲ್ ಬದಲಿಸಿದೆ, ಸ್ವಿಚ್ಚಿನಲ್ಲಿ ಅದನ್ನು ಚುಚ್ಚುವ ತೂತು ಬದಲಿಸಿದೆ, ಸರ್ವರನ್ನೇ ಆರಿಸಿ ಹಚ್ಚಿದೆ. ಏನೂ ಆಗಲಿಲ್ಲ. ಊಟಕ್ಕೆ ಕರೆದರು, ಹೋಗಲಿಲ್ಲ.

ಒಂದೇ ಕೇಬಲಿನೊಳಗೆ ಲ್ಯಾಬಿಗೊಂದು, ಔಷಧಿ ಕೌಂಟರಿಗೊಂದು ಎಂದು ಬೇರೆ ಬೇರೆ ದಾರಿ ಮಾಡಿರುತ್ತೇವೆ. ಅದಕ್ಕೆ ವಿಲ್ಯಾನ್ ಎನ್ನುತ್ತಾರೆ. ಪ್ರತಿ ದಾರಿಗೂ ಒಂದು ನಂಬರು, ಯಾವ ನಂಬರನ್ನು ಒಳಗೆ ಬಿಡಬೇಕೆಂದು ಸ್ವಿಚ್ಚಿಗೆ ಹೇಳಿಕೊಟ್ಟಿರಬೇಕು. ಆಫೀಸಿನ ದಾರಿಗೆ ಮಾತ್ರ ನಂಬರಿನ ತಂಟೆಯಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಲ್ಯಾಬಿನ ಕರೆ ಸರ್ವರಿನ ತನಕ ಬರುತ್ತಲೇ ಇಲ್ಲ ಎನ್ನುವುದು ಖಾತ್ರಿಯಾಯಿತು. ಎರಡನೆಯ ಸ್ವಿಚ್ಚಿನ ಪಟ್ಟಿ ತೆಗೆದು ನೋಡಿದೆ. ಲ್ಯಾಬಿನದು ಆರು, ಔಷಧಿಯದು ಹತ್ತು. ಅಲ್ಲಿ ಅವೆರಡೂ ಇರಲಿಲ್ಲ. ಅರವತ್ತು ಅಂತಿತ್ತು.

"ಏನಣ್ಣ ಇದು, ಅರವತ್ತು? ಅಂಥ ನಂಬ್ರೇ ನಮ್ಮಲ್ಲಿಲ್ವಲ್ಲ!" ಎಂದು ರೇಗಿದೆ.

"ನೀವ್ ಯೋಳಿದ್ದೇ ಅದು ಕಣ್ ಸಾ" ಎಂದರು ಅವರು.

"ನಾನ್ಯಾಕೆ ಯೋಳ್ಲಿ?"

"ಅಂಗಾರೆ ಅವತ್ತು ಯೋಳಿದ್ದಂಗೇ ಇನ್ನೊಂದ್ ಕಿತ ಯೋಳಿ."

ಹೇಳಿದೆ. "ಆರು, ಅತ್ತು."

ಚೀಟಿ ಹಿಡಿದು ಅತ್ತಲಿಂದ ಹೋಗುತ್ತಿದ್ದ ಲ್ಯಾಬಿನ ಹೆಂಗಸು ಕಿಸಕ್ಕನೆ ನಕ್ಕುಬಿಟ್ಟರು. "ಅರ್ವತ್ತು ಅಂತ್ಲೇ ಕೇಳ್ತು ಸಾರ್."

ನಾನು ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದವನು. ಹಕಾರಕ್ಕೆ ನನ್ನ ನಾಲಿಗೆ ಹೊರಳುವುದೇ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಬೆತ್ತ ಮುರಿದರೂ ನಮಗೆ ಹತ್ತು ಅತ್ತೇ, ಹಾಲು ಆಲೇ. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಿ ಸ್ವಿಚ್ಚಿನೊಳಗೆ ಕೂತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾದವು.

ಅರವತ್ತು ಅಳಿಸಿ ಆರು ಬರೆದೆ, ಹತ್ತು ಬರೆದೆ. ಲ್ಯಾಬಿನಿಂದ "ಬಂತು, ಬಂತು!" ಎಂಬ ಕೂಗು ಕೇಳಿಸಿತು.

ಆಡಳಿತಾಧಿಕಾರಿಗೆ ಎಲ್ಲ ಹೇಳಿದೆ. ಅವರು ಪಟ್ಟು ಬಿಡಲಿಲ್ಲ. "ಆದ್ರೂ ತಪ್ಪಾಗಿ ಕೇಳಿಸ್ಕೊಂಡಿದ್ದು ಅವನೇ ತಾನೆ?"

"ಕೇಳಿಸ್ಕೊಂಡಿದ್ದು ಯಾರೇ ಆಗ್ಲಿ ಸರ್, ಆಮೇಲೆ ಬಂದು ಮೊದಲನೇ ಕೇಬಲ್ ಕಿತ್ತು ಪರೀಕ್ಷೆ ಮಾಡೋದು ನನ್ನ ಕೆಲ್ಸ. ನಾನು ಅಸ್ರು ದೀಪ ನೋಡಿ ಬಸ್ ಅತ್ತಿದೆ" ಎಂದೆ. ಕಾರಣದ ಕಾಗದದಲ್ಲಿ ಅದನ್ನೇ ಬರೆದು, ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.

ಅವರು ಓದಿ ಮಡಚಿಟ್ಟರು. "ಸರಿ. ಮುಂದಿನ ತಿಂಗಳಿಂದ ಬೇರೆಯವರನ್ನ ಕಳ್ಸೋಕೆ ನಿಮ್ಮ ಕಂಪನಿಗೆ ಹೇಳಿ" ಎಂದರು. ಎರಡು ವರ್ಷ ಪ್ರೀತಿಯಿಂದ ನೋಡಿಕೊಂಡ ಜಾಗ. ಆದರೂ ಕಾಗದ ವಾಪಸು ಕೇಳಲಿಲ್ಲ.

ಎಲೆಕ್ಟ್ರಿಷಿಯನ್ ನನ್ನ ಜೊತೆ ಬಸ್ಸಿನ ತನಕ ಬಂದರು. ಹುಣಸೂರಿನ ಬಸ್ ಬಂದು ನಿಂತಾಗ ನನ್ನ ಚೀಲ ಎತ್ತಿ ಕೊಟ್ಟರು.

"ಇಷ್ಟು ವರ್ಸದಲ್ಲಿ ಅಲ್ಲಿ ಏನ್ ಕೆಟ್ರೂ ನನ್ ತಪ್ಪೇ ಅಂದವ್ರೆ ಸಾ. ಅಲ್ಲ ಅಂತ ಬರ್ದು ಕೊಟ್ಟೋರು ನೀವೊಬ್ರೇಯ."

ಬೆಳಿಗ್ಗೆಯಿಂದ ಅವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದವನು ನಾನೂ ಒಬ್ಬ. ಅದನ್ನು ಅವರಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬಸ್ ಹೊರಟಿತು.