ಅವ್ವ ನಕ್ಕ ಚೈತ್ರ

ನನಗಾಗ ಒಂಬತ್ತು ವರ್ಷ. ಆ ಚಳಿಗಾಲದಲ್ಲಿ ಅವ್ವನಿಗೆ ಹುಟ್ಟಿದ ಗಂಡುಕೂಸು ಹನ್ನೊಂದು ದಿನವಷ್ಟೇ ಬದುಕಿತು. ಅದಾದ ಮೇಲೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನೀರು ತರುತ್ತಿದ್ದಳು, ನನ್ನ ತಲೆ ಬಾಚುತ್ತಿದ್ದಳು. ಮಾತು ಮಾತ್ರ ಆಡುತ್ತಿರಲಿಲ್ಲ. ಏನಾದರೂ ಕೇಳಿದರೆ ಹೂಂ, ಇಲ್ಲವೆ ಊಹೂಂ.

ಯುಗಾದಿ ಮುಗಿದು ಹೊಲದ ಕೆಲಸ ಸಡಿಲವಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ, "ಗೋಕಾಕ ಫಾಲ್ಸ್ ನೋಡಿ, ಹಂಗ ಮೂಡಲಗಿಗೆ ನಿನ್ನ ತಂಗಿ ಮನಿಗೆ ಹೋಗಿ ಬರೂಣು" ಎಂದ.

ಆಯಿ, ಅಂದರೆ ಅಪ್ಪನ ತಾಯಿ, ಸಿಟ್ಟಾದಳು. "ಅಲ್ಲೋ ತಮ್ಮಾ, ಅಕಿ ತಂಗಿ ಉಡ್ಯಾಗ ಐದು ತಿಂಗಳ ಕೂಸೈತಿ. ಹಸೀ ಗಾಯಕ್ಕ ಉಪ್ಪು ಸವರ್ತಿಯೇನು?"

ಅಪ್ಪ ಹಿಡಿದ ತುತ್ತನ್ನು ತಾಟಿನಲ್ಲಿ ಮರಳಿ ಇಟ್ಟ. ಒಲೆಯ ಮುಂದಿದ್ದ ಅವ್ವ, "ಹೋಗೂಣ್ರಿ" ಎಂದಳು.

ಆಯಿ ಎಮ್ಮೆ ನೋಡಿಕೊಳ್ಳಲು ನಮ್ಮೂರು ಬೆಲ್ಲದ ಬಾಗೇವಾಡಿಯಲ್ಲೇ ಉಳಿದಳು. ನಸುಕಿನಲ್ಲಿ ನಾವು ಮೂವರು ಕಮಾನಿನ ಬಂಡಿ ಏರಿದೆವು. ಒಳಗೆ ಜೋಳದ ಒಣ ಕಣಕಿ ಹಾಸಿ ಮೇಲೆ ಜಮಖಾನ, ಬುಟ್ಟಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ದಾರಿಯುದ್ದಕ್ಕೂ ಬೇವು ಹೂ ಬಿಟ್ಟಿತ್ತು. ಅಪ್ಪ ಎತ್ತು ಹೊಡೆಯುತ್ತ ಫಾಲ್ಸಿನ ವರ್ಣನೆ ಶುರು ಮಾಡಿದ.

"ಹರದಾರಿ ದೂರ ಇರೂದ್ರಾಗನ ಗುಡುಗಿದಂಗ ಕೇಳತೈತಿ."

ಕೊಣ್ಣೂರು ಹತ್ತಿರ ಬಂದಾಗ ನಾನು ಕಿವಿಗೊಟ್ಟು ಕೂತೆ. "ಅಪ್ಪಾ, ಇನ್ನೂ ಏನೂ ಕೇಳವಲ್ದಲ್ಲ?"

"ಗಾಳಿ ಆ ಕಡೆ ಐತಿ" ಎಂದ ಅಪ್ಪ.

ಗಾಳಿ ಯಾವ ಕಡೆಯೂ ಇರಲಿಲ್ಲ. ಬಂಡಿ ಬಿಟ್ಟು ಬಂಡೆಯ ಅಂಚಿಗೆ ಹೋಗಿ ನೋಡಿದರೆ, ಅಷ್ಟಗಲದ ಕಲ್ಲಿನ ಗೋಡೆ ಬೋಳಾಗಿ ನಿಂತಿತ್ತು. ಒಂದು ಮೂಲೆಯಲ್ಲಿ ಬಿಳಿ ನೂಲಿನಂತೆ ಒಂದಿಷ್ಟು ನೀರು. ಅಪ್ಪ ಹುಡುಗನಾಗಿದ್ದಾಗ ಒಮ್ಮೆ ಮಾತ್ರ ಇಲ್ಲಿಗೆ ಬಂದಿದ್ದನಂತೆ, ಅದೂ ಶ್ರಾವಣದಲ್ಲಿ. ಚೈತ್ರದಲ್ಲಿ ಹೊಳೆ ಬತ್ತುವುದು ರೈತನಾದ ಅವನಿಗೆ ಗೊತ್ತಿಲ್ಲದ್ದೇನಲ್ಲ; ಅವಸರದಲ್ಲಿ ಮರೆತಿದ್ದ. ಅವನ ಮುಖ ಇಷ್ಟೇ ಇಷ್ಟಾಯಿತು.

ಅವ್ವ ಕಲ್ಲನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. "ಗುಡುಗು ಎಲ್ಲಿ ಹೋತ್ರಿ?" ಎಂದು ಕೇಳಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮೊದಲು ಪೆಚ್ಚಾದ ಅಪ್ಪನೂ ಆಮೇಲೆ ನಕ್ಕ. ಏನೆಂದು ತಿಳಿಯದೆ ನಾನೂ ನಕ್ಕೆ.

ತೂಗುಸೇತುವೆ ದಾಟೋಣವೆಂದದ್ದು ಅವ್ವನೇ. ಹಲಗೆಗಳು ಕಾಲಡಿ ಅಲುಗಿದಾಗ ನಾನು ಅಳತೊಡಗಿದೆ. ಮುಂದಿದ್ದ ಅವ್ವ ತಿರುಗದೆಯೇ, "ಕೆಳಗ ನೋಡಬ್ಯಾಡ. ನನ್ನ ಬೆನ್ನು ನೋಡ್ಕೋತ ಬಾ" ಎಂದಳು. ಹಾಗೆಯೇ ದಾಟಿದೆ.

ಮರುದಿನ ಗೋಕಾಕದ ಪೇಟೆಯಲ್ಲಿ ಅಪ್ಪ ನನಗೆ ಆಡಲು ಬಣ್ಣದ ಕಟ್ಟಿಗೆಯ ಹಣ್ಣುಗಳನ್ನು ಕೊಡಿಸಿದ. ಅವ್ವ ಅಂಗಡಿಯ ಮುಂದೆ ತುಸು ಹೊತ್ತು ನಿಂತು, "ತಂಗಿ ಕೂಸಿಗೆ ಒಂದು ಗಿಲಕಿ ತಗೋರಿ" ಎಂದಳು. ಅಪ್ಪ ಒಮ್ಮೆ ಅವಳನ್ನು ನೋಡಿ, ಎರಡು ತೆಗೆದುಕೊಂಡ.

ನಾಗನೂರ ದಾಟಿ ಮೂಡಲಗಿ ಮುಟ್ಟಿದಾಗ ಸಂಜೆಯಾಗಿತ್ತು. ಚಿಗವ್ವ ಬಾಗಿಲಿಗೆ ಬಂದು ಅಕ್ಕನ ಕೈ ಹಿಡಿದುಕೊಂಡಳು. ಮನೆಯಲ್ಲಿ ಕೂಸಿನ ಸುಳಿವೇ ಇರಲಿಲ್ಲ. ಅಕ್ಕನಿಗೆ ಸಂಕಟವಾದೀತೆಂದು ನೆರೆಮನೆಗೆ ಕಳಿಸಿದ್ದಳಂತೆ.

"ಕೂಸೆಲ್ಲಿ?" ಅವ್ವ ಕೇಳಿದಳು.

"ಮಲಗೇತಿ ಅಕ್ಕಾ, ಬಾಜೂ ಮನ್ಯಾಗ..."

"ತಗೊಂಬಾ."

ಕೂಸನ್ನು ಎದೆಗೆ ಒತ್ತಿಕೊಂಡು ಅವ್ವ ಅತ್ತಳು. ಚಿಗವ್ವನೂ ಅತ್ತಳು. ಅಪ್ಪ ಎತ್ತಿಗೆ ನೀರು ಕುಡಿಸುವ ನೆವ ಮಾಡಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅವ್ವ ಮೂಗು ಒರೆಸಿಕೊಂಡು ಕೂಸಿನ ತಲೆ ಸವರಿದಳು.

"ಇದಕ್ಕ ಯಾರು ಎರಿತಾರ? ತಲಿ ಒಂದು ಕಡೆ ಚಪ್ಪಟಿ ಆಗೇತಿ. ನಾಳೆ ಮುಂಜಾನೆ ನೀರು ಕಾಸು. ನಾ ಎರಿತೀನಿ."

ಮರುದಿನ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆದಳು. ಅಪ್ಪ ಊರಿಗೆ ಮರಳಿದ. ನಾವು ಹದಿನೈದು ದಿನ ಉಳಿದೆವು. ಅಷ್ಟರಲ್ಲಿ ಓಣಿಯ ಇನ್ನಿಬ್ಬರು ಬಾಣಂತಿಯರು ತಮ್ಮ ಕೂಸುಗಳನ್ನು ತರತೊಡಗಿದ್ದರು.

ಊರಿಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಎರೆಯಲು ಅವ್ವನಿಗೇ ಕರೆ ಬರುತ್ತಿತ್ತು. ಆಯಿ ಗೊಣಗುತ್ತಲೇ ಎಣ್ಣೆ ಕಾಸಿ ಕೊಡುತ್ತಿದ್ದಳು. ಮುಂದೆ ನನ್ನ ಮಗಳಿಗೂ ಅವ್ವನೇ ಎರೆದಳು. ಮೊಣಕೈ ಅದ್ದಿ ನೀರಿನ ಬಿಸಿ ನೋಡುವುದನ್ನು ನನಗೂ ಕಲಿಸಿದಳು.