ಶಟ್ಟೆವ್ವ ಖೋ-ಖೋ ಆಡಿದ್ದು

1996ರಲ್ಲಿ ಮದುವೆಯಾಗಿ ಶಟ್ಟೆವ್ವ ಚಚಡಿಯಿಂದ ಸಾಲಹಳ್ಳಿಗೆ ಬಂದಳು. ಗಂಡ ಲಾರಿ ತೆಗೆದುಕೊಂಡು ಹೋದರೆ ಹದಿನೈದು ದಿನ ಬರುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆರೆಯವರಿಗೂ ಅವಳ ಗುರುತು ಹತ್ತಿರಲಿಲ್ಲ. ಸಂಜೆ ಶಾಲೆಯ ಬಯಲಿನಿಂದ ಹುಡುಗಿಯರ ಖೋ-ಖೋ ಕೂಗು ಕೇಳಿದರೆ ಅವಳಿಗೆ ಅಳು ಬರುತ್ತಿತ್ತು. ತವರಿನಲ್ಲಿ ಅವಳೂ ಆಡಿದವಳು.

ಒಂದು ಸಂಜೆ ತಡೆಯಲಾಗದೆ ಬಯಲಿಗೆ ಹೋಗಿ, ಆಟ ಕಲಿಸುತ್ತಿದ್ದ ಶಿಕ್ಷಕಿಗೆ, “ಅಕ್ಕೋರ, ನಾನೂ ಆಡ್ಲೇನ್ರಿ?” ಎಂದಳು.

“ಕಚ್ಚಿ ಹಾಕ್ಕೊಂಡು ಬಾರವಾ” ಎಂದರು ಅವರು.

ಸೀರೆಯನ್ನು ಕಚ್ಚೆ ಕಟ್ಟಿ ಕತ್ತಲಾಗುವವರೆಗೆ ಓಡಿದಳು. ಮನೆಗೆ ಮರಳಿದರೆ ಅದೇ ಮೌನ. ಒಬ್ಬಳೇ ಉಂಡು ಮಲಗಿದಳು.

ಮರುದಿನ ನಳದ ಹತ್ತಿರ ಹೆಂಗಸೊಬ್ಬಳು ತನ್ನ ಕೊಡ ಸರಿಸಿ ಜಾಗ ಬಿಟ್ಟಳು. “ನಿನ್ನಿ ಆಟದಾಗ ನನ್ನ ಮಗಳು ರಾಣಿನ್ನ ಔಟ್ ಮಾಡಿದಾಕಿ ನೀನ ಏನವಾ?” ಎಂದು ನಕ್ಕಳು.

ಶಟ್ಟೆವ್ವ ತನ್ನ ಕೊಡವನ್ನು ಆ ಜಾಗದಲ್ಲಿಟ್ಟಳು. ಹೌದೆಂದು ತಲೆಯಾಡಿಸಿದಳು.