ಅಳತೆ ಪುಸ್ತಕದಲ್ಲಿ ಅಣ್ಣನ ಪುಟ

ಅಲ್ ಸದ್ದ್‌ನ ತಮ್ಮ ಫ್ಲಾಟಿನಲ್ಲಿ ಅಣ್ಣನ ಮಗ ಆ ಕಾಗದವನ್ನು ನನ್ನ ಮುಂದೆ ಸರಿಸಿದಾಗ ನಾನಿನ್ನೂ ಊಟದ ಕೈ ತೊಳೆದಿರಲಿಲ್ಲ. ಬೆರಳಿಗೆ ಮೀನಿನ ಸಾರು ಅಂಟಿತ್ತು. ಅದೇ ಬೆರಳಿನಿಂದ ಕಾಗದವನ್ನು ಹಿಂದಕ್ಕೆ ತಳ್ಳಿದೆ. ಮೂಲೆಯಲ್ಲಿ ಒಂದು ಹಳದಿ ಕಲೆ ಕೂತಿತು. ನನಗೆ ಸಂತೋಷವೇ ಆಯಿತು.

"ಎಂತ ಇದು?"

"ಅಪ್ಪ ಸೈನ್ ಮಾಡಿದ್ದು, ಚಿಕ್ಕಪ್ಪ. ಮೂರು ವರ್ಷದ ಹಿಂದೆ, ತಲೆ ಸರಿ ಇರುವಾಗ. ಕಾಯಿಲೆ ಜೋರಾದ ಮೇಲೆ ತನಗೆ ಎಂತೆಲ್ಲ ಮಾಡ್ಬಾರ್ದು ಅಂತ."

"ಇಂಗ್ಲಿಷಿನಲ್ಲಿ ಉಂಟಲ್ಲ."

"ಫಾರ್ಮ್ ಇರುದೇ ಇಂಗ್ಲಿಷಿನಲ್ಲಿ. ನಾನು ಒಂದೊಂದೇ ಲೈನ್ ಓದಿ ಹೇಳಿದ್ದೇನೆ."

"ಹಾಂ. ನೀನು ಓದಿದ್ದು, ನೀನು ಹೇಳಿದ್ದು. ಅವ ಸೈನ್ ಮಾತ್ರ ಮಾಡಿದ್ದು."

ಅವನ ಮುಖ ಕೆಂಪಾಯಿತು. ಆಗಲಿ ಎಂದೇ ಹೇಳಿದ್ದು. ನಾನು ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು. ನನ್ನ ಜೀವಮಾನದಲ್ಲಿ ಇಂಗ್ಲಿಷ್ ಕಾಗದ ಹಿಡಿದುಕೊಂಡು ಬಂದವರಲ್ಲಿ ಒಬ್ಬನೂ ನನಗೆ ಒಳ್ಳೆಯ ಸುದ್ದಿ ತಂದದ್ದಿಲ್ಲ.

ಅಣ್ಣನಿಗೆ ಮರೆವಿನ ಕಾಯಿಲೆ. ಆ ವಾರ ಅನ್ನ ಗಂಟಲಲ್ಲಿ ಇಳಿಯದೆ ಶ್ವಾಸಕೋಶಕ್ಕೆ ಹೋಗಿ, ಜ್ವರ ಬಂದು, ಆಸ್ಪತ್ರೆ ಸೇರಿದ್ದ. ಜ್ವರವೇನೋ ಇಳಿಯಿತು, ಮೊದಲಿನಂತೆ ನುಂಗುವ ಶಕ್ತಿ ತಿರುಗಿ ಬರಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ ಆಹಾರ ಬಿಡಬಹುದು, ಇಲ್ಲವೇ ನಳಿಕೆ ಹಾಕದೆ ಮನೆಗೆ ಕರೆದೊಯ್ದು ಬಾಯಲ್ಲಿ ಹೋದಷ್ಟು ಕೊಡಬಹುದು ಎಂದು ಡಾಕ್ಟರು ಹೇಳಿದ್ದರು. ಕಾಗದವನ್ನು ನೋಡಿದ್ದೇವೆ, ಆದರೆ ಮನೆಯವರು ಒಂದೇ ಮಾತು ಹೇಳಬೇಕು, ನಾಳೆ ಬೆಳಿಗ್ಗೆ ಹೇಳಿ ಎಂದಿದ್ದರು. ಮಗ ನಳಿಕೆ ಬೇಡ ಎನ್ನುತ್ತಿದ್ದ. ನಾನು ಹಾಕಿ ಎನ್ನುತ್ತಿದ್ದೆ. ಅತ್ತಿಗೆ ಯಾರ ಪಕ್ಷವನ್ನೂ ಹಿಡಿದಿರಲಿಲ್ಲ.

"ಅನ್ನ ಕೊಡದೆ ಸಾಯಿಸ್ಲಿಕ್ಕೆ ನಿನಗೆ ಕಾಗದ ಬೇಕಾಯ್ತಾ?" ಎಂದೆ.

"ನಾನು ಸಾಯಿಸುದಲ್ಲ ಚಿಕ್ಕಪ್ಪ. ಕಾಯಿಲೆ ಸಾಯಿಸ್ತಾ ಉಂಟು. ನಳಿಕೆ ಹಾಕಿದ್ರೆ ಅಪ್ಪ ಎಳೆದು ತೆಗೀತಾರೆ. ಮತ್ತೆ ಕೈ ಕಟ್ತಾರೆ. ಕೈ ಕಟ್ಟಿ ಮಲಗಿಸಿದ್ದನ್ನು ನಿಮಗೆ ನೋಡ್ಲಿಕ್ಕೆ ಆಗ್ತದಾ?"

"ಆಗ್ತದೆ."

"ಅಪ್ಪ ಒಮ್ಮೆ ನನ್ನತ್ರ ಕೇಳಿದ್ರು. ಕೆಲವು ದೇಶದಲ್ಲಿ ಇಂಥವರಿಗೆ ಕಾನೂನು ಪ್ರಕಾರವೇ ಇಂಜೆಕ್ಷನ್ ಕೊಟ್ಟು ಕಳಿಸ್ತಾರಂತೆ, ಹೌದಾ ಅಂತ. ಅಷ್ಟರವರೆಗೆ ಯೋಚನೆ ಮಾಡಿದ್ರು ಅವರು."

ನಾನು ಎದ್ದು ನಿಂತೆ. "ಟಿಕೆಟ್ ಬುಕ್ ಮಾಡು ಹಾಗಾದ್ರೆ. ಯಲ್ಲಾ, ಹೊರಡು. ನಿನಗೂ ರಜೆ ಸಿಕ್ಕಿದ ಹಾಗೆ ಆಯ್ತು."

ಅಷ್ಟು ಕೆಟ್ಟ ಮಾತನ್ನು ನಾನು ಆಡಬಾರದಿತ್ತು. ಆದರೆ ಆಡಿದೆ. ಈಗ ಅದನ್ನು ಮಡಿಸಿ, ಒಳಗೆ ಹೊಲಿದು ಮುಚ್ಚಿಡುವುದಿಲ್ಲ.

ಗಲ್ಫಿನ ಈ ಊರಿನ ನಜ್ಮಾ ಪೇಟೆಯಲ್ಲಿ ನಮ್ಮದು ಹೊಲಿಗೆ ಅಂಗಡಿ. ಅಣ್ಣ ಕಟಿಂಗ್ ಮಾಸ್ಟರ್, ನಾನು ಹೊಲಿಯುವವನು. ಇಲ್ಲಿಯ ಅರಬರ ಬಿಳಿ ನಿಲುವಂಗಿ ತೋಬ್, ಆಫೀಸಿನವರ ಪ್ಯಾಂಟು, ಊರಿನವರ ಮದುವೆ ಕೋಟು, ಎಲ್ಲವೂ ಅವನ ಕತ್ತರಿಯಿಂದ ಇಳಿದು ನನ್ನ ಮೆಷಿನ್ನಿಗೆ ಬರುತ್ತಿತ್ತು. ಅವನಿಗೆ ಒಂದು ಕಟ್ಟುನಿಟ್ಟು ಇತ್ತು. ಗಿರಾಕಿ ಎಷ್ಟೇ ಹಳಬನಿರಲಿ, ಪುಸ್ತಕದಲ್ಲಿ ಅವನ ಪುಟ ತೆರೆಯಬೇಕು, ಟೇಪು ಹಿಡಿದು ಮತ್ತೆ ಅಳೆಯಬೇಕು. ಬದಲಾಗಿದ್ದರೆ ಹೊಸ ಅಂಕಿ. ಬದಲಾಗದಿದ್ದರೆ ತಾರೀಕು ಹಾಕಿ 'ಅದೇ' ಎಂದು ಬರೆಯಬೇಕು. ಹಳೆಯ ಅಳತೆಗೆ ಬಟ್ಟೆ ಕತ್ತರಿಸಿದ್ದು ಗೊತ್ತಾದರೆ ಗಿರಾಕಿಯ ಎದುರಿಗೇ ಬೈಯುತ್ತಿದ್ದ.

ಅದನ್ನೇ ಆ ದಿನ ಅವನ ಮಗನ ಮುಖಕ್ಕೆ ಎಸೆದೆ.

"ನಿನ್ನ ಅಪ್ಪ ಮೂರು ತಿಂಗಳ ಹಿಂದಿನ ಅಳತೆಗೆ ಒಂದು ಬನಿಯನ್ ಸಹ ಕತ್ತರಿಸಿದವನಲ್ಲ. ನೀನು ಮೂರು ವರ್ಷದ ಹಿಂದಿನ ಕಾಗದಕ್ಕೆ ಅವನನ್ನೇ ಕತ್ತರಿಸ್ಲಿಕ್ಕೆ ಹೊರಟಿದ್ದಿ. ಆ ದಿನ ಬೇಡ ಅಂದವ ಬೇರೆ. ಈಗ ಮಂಚದಲ್ಲಿರುವವ ಬೇರೆ. ಇವನಿಗೆ ಹಸಿವಾಗ್ತದೆ. ಬೆಲ್ಲ ಹಾಕಿದ್ರೆ ನಗ್ತಾನೆ. ಇವನತ್ರ ಕೇಳಿದ್ದಿಯಾ?"

"ಇವರತ್ರ ಹೇಗೆ ಕೇಳುದು? ಕೇಳ್ಲಿಕ್ಕೆ ಆಗದ ದಿನ ಬರ್ತದೆ ಅಂತಲೇ ಅಪ್ಪ ಮೊದಲೇ ಬರೆದದ್ದು."

"ಅಳತೆ ಹಳತಾಯ್ತು. ಖಲಾಸ್."

"ಅಪ್ಪ ಬಟ್ಟೆ ಅಲ್ಲ ಚಿಕ್ಕಪ್ಪ!"

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಬಾಯಿಬಿಟ್ಟರು. "ಇಬ್ಬರೂ ಒಮ್ಮೆ ಸುಮ್ಮನಿರಿ. ಅವರ ಅಂಗಿಗಳು ಎಲ್ಲ ದೊಡ್ಡದಾಗಿವೆ. ಮಗ್ಗುಲು ತಿರುಗಿಸುವಾಗ ಬೆನ್ನಿಗೆ ಮುದ್ದೆಯಾಗ್ತದೆ. ಮುಂದಿನಿಂದ ಪೂರ್ತಿ ಬಿಚ್ಚುವ ಹಾಗೆ ಎರಡು ಹೊಲಿದು ಕೊಡಿ. ಅದಾದರೂ ಮಾಡಿ."

ಆ 'ಅದಾದರೂ' ಎನ್ನುವುದು ನನಗೆ ತಾಗಿತು. ಕೈ ತೊಳೆದು ಹೊರಟೆ.

ಸಂಜೆ ಭೇಟಿಯ ಹೊತ್ತಿಗೆ ಕುತ್ತಿಗೆಗೆ ಟೇಪು ಹಾಕಿಕೊಂಡೇ ಆಸ್ಪತ್ರೆಗೆ ಹೋದೆ. ಮಲಯಾಳಿ ನರ್ಸ್ ನೋಡಿ ನಕ್ಕಳು. "ಚೇಟ್ಟಾ, ಇಲ್ಲಿ ಸ್ಟೆತಸ್ಕೋಪ್ ಹಾಕ್ಕೊಂಡು ಬರ್ತಾರೆ, ನೀವೆಂತ ಟೇಪು?" ನನಗೆ ನಗು ಬರಲಿಲ್ಲ. ಅಣ್ಣನನ್ನು ಎತ್ತಿ ಕೂರಿಸಲು ಅವಳೇ ಸಹಾಯ ಮಾಡಿದಳು. ಅಣ್ಣ ನನ್ನನ್ನು ನೋಡಿದ, ಗುರುತು ಹತ್ತಲಿಲ್ಲ. ಟೇಪು ಭುಜಕ್ಕೆ ತಾಗಿದ ತಕ್ಷಣ ಮಾತ್ರ ಎರಡೂ ಕೈಗಳನ್ನು ಸ್ವಲ್ಪ ಹೊರಕ್ಕೆ ಚಾಚಿ, ಉಸಿರು ಬಿಗಿಹಿಡಿಯದೆ, ಅಳತೆ ಕೊಡುವವರು ಹೇಗೆ ನಿಲ್ಲಬೇಕೆಂದು ಅವನೇ ಎಲ್ಲರಿಗೂ ಹೇಳುತ್ತಿದ್ದನೋ ಹಾಗೆ ಕೂತ.

ಎದೆ ಮೂವತ್ತೆರಡು. ನನ್ನ ತಲೆಯಲ್ಲಿದ್ದದ್ದು ನಲವತ್ತು.

ಅವನ ಅಳತೆ ನನಗೆ ಬಾಯಿಪಾಠ. ಏಪ್ರಿಲಿನ ಬಿಸು ಹಬ್ಬಕ್ಕೊಂದು, ದೀಪಾವಳಿಗೊಂದು, ವರ್ಷಕ್ಕೆ ಎರಡು ಅಂಗಿ ನಾನೇ ಹೊಲಿದು ಕೊಡುವುದು ರೂಢಿ. ಸ್ವಂತ ಅಣ್ಣನ ಅಂಗಿಗೆ ಪುಸ್ತಕ ಯಾರು ತೆರೆಯುತ್ತಾರೆ? ಕಣ್ಣು ಮುಚ್ಚಿ ಕತ್ತರಿಸುತ್ತಿದ್ದೆ. ಕಾಯಿಲೆ ಬಂದ ಮೇಲೂ ಹಾಗೆಯೇ. ಅವನು ಒಣಗುತ್ತಾ ಬಂದ, ನಾನು ನಲವತ್ತಕ್ಕೇ ಹೊಲಿಯುತ್ತಾ ಬಂದೆ. ಪ್ರತಿ ಸಲ ಅಂಗಿ ಕೊಟ್ಟಾಗ ಅವನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಏನನ್ನೋ ಕಾಯುವವರ ಹಾಗೆ. ಮರೆವಿನವರು ಹಾಗೆಯೇ ಎಂದುಕೊಂಡಿದ್ದೆ.

ಅಂಗಡಿಗೆ ಬಂದು, ಹೊಸ ಅಳತೆ ಬರೆಯಲು ಪುಸ್ತಕ ತೆಗೆದೆ. ಅಣ್ಣನದ್ದು ಪುಸ್ತಕದ ಮೊದಲನೇ ಪುಟ. ಮೇಲೆ ನನ್ನ ಕೈಬರಹದಲ್ಲಿ ಹಳೆಯ ಅಂಕಿಗಳು. ಕೆಳಗೆ ಖಾಲಿ ಇರಬೇಕಾದ ಜಾಗದಲ್ಲಿ ಅವನ ಅಕ್ಷರ. ಕನ್ನಡದಲ್ಲಿ.

'ಮೂಗಿನ ನಳಿಕೆ ಬೇಡ. ಮೆಷಿನ್ ಬೇಡ. ಬಾಯಲ್ಲಿ ಇಳಿದಷ್ಟು ಸಾಕು. ಕೈಯಲ್ಲಿ ಕೊಡಿ.'

ಅದರ ಕೆಳಗೆ ಒಂದು ತಾರೀಕು. ಬಿಸುವಿಗೆ ಎರಡು ವಾರ ಮೊದಲಿನದ್ದು. ಮುಂದೆ 'ಅದೇ'. ಕೆಳಗೆ ಇನ್ನೊಂದು ತಾರೀಕು, ದೀಪಾವಳಿಗೆ ಮೊದಲಿನದ್ದು. 'ಅದೇ'. ಮತ್ತೆ ಬಿಸು. 'ಅದೇ'. ಕೊನೆಯದಕ್ಕೆ ತಾರೀಕು ಇಲ್ಲ, ಅದರ ಮುಂದಿನ ದೀಪಾವಳಿಯದ್ದಿರಬೇಕು. 'ಅ' ಮಾತ್ರ ಇದೆ, ಅದೂ ಗೆರೆಯಿಂದ ಕೆಳಕ್ಕೆ ಜಾರಿದೆ.

ಕಟಿಂಗ್ ಮೇಜಿನ ಹತ್ತಿರ ಇದ್ದ ಸ್ಟೂಲಿನಲ್ಲಿ ಕೂತುಬಿಟ್ಟೆ.

ಕಾಯಿಲೆ ಗೊತ್ತಾದ ಹೊಸತರಲ್ಲಿ, ಇದೇ ಮೇಜಿನ ಆಚೆ ನಿಂತು ಅವನು ನನಗೆ ಹೇಳಲು ನೋಡಿದ್ದ. "ಕೇಳು ಮಾರಾಯ, ಮುಂದೆ ನನಗೆ ಗೊತ್ತಾಗ್ಲಿಕ್ಕಿಲ್ಲ, ಈಗಲೇ ಒಂದು ಮಾತು..." ನಾನು "ಮೊದಲು ಆ ತೋಬ್ ಮುಗಿಸು" ಎಂದು ಪೆಡಲ್ ಒತ್ತಿದ್ದೆ. ಬಟ್ಟೆಯೇ ಇಲ್ಲದ ಮೆಷಿನ್ನನ್ನು, ಅವನು ಬಾಯಿ ಮುಚ್ಚುವವರೆಗೆ, ಓಡಿಸಿದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಬಾಯಿಂದ ಹೇಳಿದ್ದು ನನ್ನ ಕಿವಿಗೆ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ, ನಾನು ತೆರೆಯಲೇಬೇಕಾದ ಜಾಗದಲ್ಲಿ ಬರೆದಿಟ್ಟ. ಅಂಗಿ ಕತ್ತರಿಸುವ ಮೊದಲು ಇವನು ಪುಟ ತೆರೆಯುತ್ತಾನೆ, ತೆರೆದರೆ ಓದುತ್ತಾನೆ ಎಂದು ನಂಬಿದ. ಆ ಒಂದು ಕೆಲಸದಲ್ಲಾದರೂ ನಾನು ಅವನು ಕಲಿಸಿದಂತೆ ಮಾಡುತ್ತೇನೆ ಎಂದುಕೊಂಡ.

ದುಃಖ ಬಂತು ಎಂದು ಬರೆದರೆ ಸುಳ್ಳು. ಸಿಟ್ಟು ಬಂತು. ಅವನ ಮೇಲೆ. ನನ್ನ ಕಾಲರ್ ಹಿಡಿದು ಹೇಳಬಹುದಿತ್ತಲ್ಲ! ಪೆಡಲ್ ಒತ್ತಿದ ಕಾಲಿಗೆ ಒದೆಯಬಹುದಿತ್ತಲ್ಲ! ಅಳತೆ ಹಳತಾಯಿತು ಎಂದು ಮಧ್ಯಾಹ್ನ ನಾನು ಅಷ್ಟು ಜೋರಾಗಿ ಕೂಗಿದ ಮಾತಿಗೆ ಇವನು ಮೂರು ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದ. ಸಲ ಸಲವೂ ತನ್ನನ್ನು ತಾನೇ ಅಳೆದುಕೊಂಡಿದ್ದ.

ಆದರೂ ನಾನು ಸೋತೆ ಎಂದು ಒಪ್ಪಲಿಲ್ಲ. ಆ ಕೊನೆಯ 'ಅ' ಆದ ಮೇಲೆ ಒಂದೂವರೆ ವರ್ಷ ಕಳೆದಿದೆ. ಅದರ ನಂತರದ ಮನುಷ್ಯನ ಮಾತು ಈ ಪುಟದಲ್ಲಿಲ್ಲ. ಅದನ್ನು ಯಾರಾದರೂ ಕೇಳಲೇಬೇಕು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಮನೆಯಲ್ಲಿ ರಾಗಿ ಮಣ್ಣಿ ಮಾಡಿಸಿ ಒಯ್ದಿದ್ದೆ. ಗಟ್ಟಿಯಾಗಿ, ಬೆಲ್ಲ ಹಾಕಿ. ನರ್ಸ್ ಡಾಕ್ಟರನ್ನು ಕೇಳಿ ಬಂದು, ತಲೆದಿಂಬು ಎತ್ತರಿಸಿ, ಗದ್ದ ಸ್ವಲ್ಪ ಕೆಳಗೆ ಬರುವಂತೆ ಹೇಗೆ ಹಿಡಿಯಬೇಕೆಂದು ತೋರಿಸಿದಳು. ಅರ್ಧ ಚಮಚ ಕೊಟ್ಟೆ. ಅಣ್ಣ ಬಾಯಿ ಚಪ್ಪರಿಸಿದ. ಕಾದೆ. ಇಳಿಯಿತು. ಇನ್ನರ್ಧ. ಇಳಿಯಿತು. ಏಳೋ ಎಂಟೋ ಆದ ಮೇಲೆ ತುಟಿ ಬಿಗಿ ಮಾಡಿ ಮುಖ ತಿರುಗಿಸಿದ. ಪುಟದಲ್ಲಿ ಬರೆದದ್ದೂ ಅದನ್ನೇ, ಇಳಿದಷ್ಟು ಸಾಕು. ಪಕ್ಕದ ಮಂಚದಲ್ಲಿ ಯಾರಿಗೋ ಮೂಗಿನಲ್ಲಿ ನಳಿಕೆ ಇತ್ತು. ಅಣ್ಣ ಅತ್ತ ನೋಡಿದ, ತನ್ನ ಮೂಗನ್ನು ಉಜ್ಜಿಕೊಂಡ. ತುರಿಕೆ ಇದ್ದಿರಬಹುದು. ನಾನು ಅದರಲ್ಲಿ ಅರ್ಥ ಹುಡುಕಲು ಹೋಗುವುದಿಲ್ಲ. ಆ ಹೊತ್ತಿಗೆ ಹುಡುಕಿದೆ ಎಂಬುದು ಮಾತ್ರ ಸತ್ಯ.

ಡಾಕ್ಟರು ಬಂದಾಗ ಅಣ್ಣನ ಮಗ ಇಂಗ್ಲಿಷಿನಲ್ಲಿ ಶುರು ಮಾಡಿದ. ನಾನು ನಡುವೆ ಬಾಯಿ ಹಾಕಿ ಹಿಂದಿಯಲ್ಲಿ ಹೇಳಿದೆ. ನಳಿಕೆ ಬೇಡ. ಬಾಯಲ್ಲಿ ಕೊಡುತ್ತೇವೆ. ಕೊಡುವವನು ನಾನು.

ಹೊರಗೆ ಬಂದ ಮೇಲೆ ಅವನು ಕೇಳಿದ. "ಥ್ಯಾಂಕ್ಸ್ ಚಿಕ್ಕಪ್ಪ. ಕಾಗದ ಓದಿಸಿದ್ರಾ ಯಾರತ್ರವಾದ್ರೂ?"

"ನಿನ್ನ ಕಾಗದ ಮೀನು ಕಟ್ಲಿಕ್ಕೆ ಇಟ್ಕೋ."

ಅಳತೆ ಪುಸ್ತಕವನ್ನು ತೆರೆದು ಅವನ ಕೈಗೆ ಕೊಟ್ಟೆ. ಅವನಿಗೆ ಕನ್ನಡ ಓದಲು ನಿಧಾನ. ಇಲ್ಲಿಯೇ ಇಂಗ್ಲಿಷ್ ಶಾಲೆಯಲ್ಲಿ ಕಲಿತವನು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ನಿಂತ. ನಾನು ಓದಿ ಹೇಳಲಿಲ್ಲ. ಅಷ್ಟು ಕಷ್ಟ ಅವನೂ ಪಡಲಿ ಎಂದು ಬಿಟ್ಟೆ.

ಅಣ್ಣನನ್ನು ಮನೆಗೆ ಕರೆತಂದೆವು. ಅಲ್ಲಿಂದ ಒಂಬತ್ತು ವಾರ. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ನಜ್ಮಾದಿಂದ ಬಸ್ಸು ಹಿಡಿದು ಅಲ್ ಸದ್ದ್‌ಗೆ ಹೋಗುತ್ತಿದ್ದೆ, ನಾಲ್ಕಕ್ಕೆ ಶಟರ್ ಎತ್ತಲು ವಾಪಸ್. ಉಳಿದ ಹೊತ್ತು ಅತ್ತಿಗೆ. ಮುಂದಿನಿಂದ ಬಿಚ್ಚುವ ಅಂಗಿ ಎರಡಲ್ಲ, ನಾಲ್ಕು ಹೊಲಿದೆ, ಪ್ರತಿ ಸಲ ಅಳೆದು. ಪುಟದಲ್ಲಿ ಎದೆಯ ಅಂಕಿ ಮೂವತ್ತೆರಡರಿಂದ ಮೂವತ್ತಕ್ಕೆ ಬಂತು. ಕೆಲವು ದಿನ ಹತ್ತು ಚಮಚ, ಕೆಲವು ದಿನ ಎರಡು. ಕೆಮ್ಮು ಬಂದಾಗ ಚಮಚ ಕೆಳಗಿಟ್ಟು ಅವನ ಬೆನ್ನು ನೀವುತ್ತಿದ್ದೆ. ಜನ ಬಂದು ನೋಡಿ "ಅಯ್ಯೋ, ನಳಿಕೆಯಾದ್ರೂ ಹಾಕಿಸ್ಬಾರ್ದಿತ್ತಾ?" ಎಂದು ಹೋಗುತ್ತಿದ್ದರು. ಅವರ ಕೈಗೆ ಚಮಚ ಕೊಡಬೇಕು ಅನಿಸುತ್ತಿತ್ತು.

ಆ ಪುಟದಲ್ಲಿ ಅಣ್ಣ ಇಂಜೆಕ್ಷನ್ ಎಂದು ಬರೆದಿದ್ದರೆ? ಈ ಪ್ರಶ್ನೆಯನ್ನು ಬಸ್ಸಿನಲ್ಲಿ ದಿನವೂ ಕೇಳಿಕೊಂಡಿದ್ದೇನೆ. ಪುಟ ಹರಿದು ಹಾಕುತ್ತಿದ್ದೆ. ನಾಲ್ಕಲ್ಲ, ನಲವತ್ತು ಸಲ 'ಅದೇ' ಎಂದಿದ್ದರೂ. ಬೆಲ್ಲಕ್ಕೆ ಬಾಯಿ ತೆರೆಯುವವನಿಗೆ ಸೂಜಿ ಚುಚ್ಚಲು ಅವನ ಹಳೆಯ ಸಹಿ ನನಗೆ ಸಾಲದು. ದೊಡ್ಡ ಓದಿನವರು ಇದರಲ್ಲಿ ತಪ್ಪು ತೋರಿಸಬಹುದು. ತೋರಿಸಲಿ.

ಒಂಬತ್ತನೇ ವಾರದ ಒಂದು ಮಧ್ಯಾಹ್ನ ಅಣ್ಣ ಬಾಯಿ ತೆರೆಯಲಿಲ್ಲ. ಚಮಚ ತುಟಿಗೆ ಮುಟ್ಟಿಸಿದೆ. ಬೆಲ್ಲದ ನೀರು ಸವರಿದೆ. ನಾಲಿಗೆ ಹೊರಗೆ ಬರಲಿಲ್ಲ. ನಿನ್ನೆಯೂ ಹಾಗೆಯೇ ಎಂದು ಅತ್ತಿಗೆ ಹೇಳಿದರು. ಬಟ್ಟಲಿನಲ್ಲಿ ಮಣ್ಣಿ ಕೆನೆಗಟ್ಟಿತು. ಅಣ್ಣನ ಮಗ ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಫೋನು.

"ಚಿಕ್ಕಪ್ಪ, ಆಸ್ಪತ್ರೆಗೆ ಫೋನ್ ಮಾಡ್ಲಾ? ಒಮ್ಮೆ ನಳಿಕೆ ಹಾಕಿ ನೋಡುವನಾ? ನಾಲ್ಕು ದಿನಕ್ಕೆ ಮಾತ್ರ?"

ಕಾಗದ ತಂದವನೇ ಕೇಳುತ್ತಿದ್ದ. ಕತ್ತರಿಸಿ ಹಾಕುವಂಥ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂರು ವರ್ಷದ ಹಿಂದೆ ಯಾವ ಮಾತನ್ನು ಕೇಳಬಾರದೆಂದು ಪೆಡಲ್ ಒತ್ತಿದ್ದೆನೋ ಅದನ್ನು ಈಗ ನಾನೇ ಆಡಬೇಕಾಗಿತ್ತು.

"ಬೇಡ," ಎಂದೆ.

ಅವನು ಫೋನು ಜೇಬಿಗೆ ಹಾಕಿ ಅಣ್ಣನ ಆಚೆ ಬದಿಗೆ ಬಂದು ಕೂತ. ಆ ದಿನ ನಾಲ್ಕಕ್ಕೆ ನಾನು ಶಟರ್ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೂರನೆಯ ದಿನ ಅಣ್ಣ ಹೋದ. ಕೊನೆಗೆ ಅವನಿಗೆ ತೊಡಿಸಿದ್ದು ನಾನು ಅಳೆದು ಹೊಲಿದ ಅಂಗಿ. ಎಲ್ಲಿಯೂ ಮುದ್ದೆಯಾಗಿರಲಿಲ್ಲ.

ಅಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆ 'ಬೇಡ' ಪುಟದಲ್ಲಿ ಅವನು ಬರೆದದ್ದು, ಆದರೆ ಬಾಯಿಬಿಟ್ಟು ಹೇಳುವ ಕೆಲಸವನ್ನು ನನಗೆ ಬಿಟ್ಟು ಹೋದ.